ಎರಡು ನಿಮಿಷವಂತೆ!

ಬೆಳಿಗ್ಗೆಯಿಂದ ಮೂರು ವಾಟ್ಸಾಪ್ ಗುಂಪಿನಲ್ಲಿ ಒಂದೇ ಪೋಸ್ಟರ್: "1858ರಲ್ಲೇ ವಿಕ್ಟೋರಿಯಾ ರಾಣಿಯ ಸಂದೇಶ ಸಮುದ್ರದಡಿಯ ತಂತಿಯಲ್ಲಿ ಎರಡೇ ನಿಮಿಷಕ್ಕೆ ಅಮೆರಿಕ ತಲುಪಿತು!" ಕೆಳಗೆ ಕೈಮುಗಿಯೋ ಇಮೋಜಿ ಬೇರೆ. ನನ್ನ ತಂತಿ ಹುಚ್ಚು ಗೊತ್ತಿದ್ದೂ ಬೇಕಂತಲೇ ಟ್ಯಾಗ್ ಮಾಡಿದ್ದೀರಿ. ಅನುಭವಿಸಿ.

ಎರಡು ನಿಮಿಷ ಅಲ್ಲ ಸ್ವಾಮಿ, 16 ಗಂಟೆ. ಇದ್ದದ್ದು 98 ಪದ. ಭಾಗಿಸಿ ನೋಡಿ, ಪದಕ್ಕೆ ಹತ್ತಿರ ಹತ್ತಿರ 10 ನಿಮಿಷ. ಐರ್ಲೆಂಡಿನ ವ್ಯಾಲೆಂಷಿಯಾದಿಂದ ಕಳಿಸುತ್ತಿದ್ದರೆ ಅಮೆರಿಕದ ಕಡೆಯ ದಡ ನ್ಯೂಫೌಂಡ್‌ಲೆಂಡ್ ಕಡೆಯವರದ್ದು ಒಂದೇ ಗೋಳು: "ಮತ್ತೆ ಕಳಿಸಿ", "ಇನ್ನೂ ನಿಧಾನ ಕಳಿಸಿ".

ಯಾಕೆ ಹಾಗೆ? ಕೇಬಲ್ಲಿನ ನಡುವೆ ಏಳೆಳೆ ತಾಮ್ರ, ಅದರ ಸುತ್ತ ಗಟ್ಟಾಪರ್ಚಾ ಅನ್ನೋ ಮರದ ಹಾಲಿನ ಕವಚ, ಮೇಲೆ ಟಾರು ಹಚ್ಚಿದ ಸೆಣಬು, ಕಬ್ಬಿಣದ ತಂತಿ, ಹೊರಗೆ ಉಪ್ಪುನೀರು. ಒಳಗೂ ವಾಹಕ, ಹೊರಗೂ ವಾಹಕ, ಮಧ್ಯೆ ಅವಾಹಕ. ಅಂದರೆ 3,000 ಕಿ.ಮೀ.ಗೂ ಉದ್ದದ ಒಂದೇ ಕೆಪಾಸಿಟರ್, ವಿದ್ಯುತ್ತನ್ನು ತನ್ನೊಳಗೆ ತುಂಬಿಟ್ಟುಕೊಳ್ಳೋ ಸಾಧನ! ಒಣಗಿದ ಕಾಲುವೆಗೆ ನೀರು ಬಿಟ್ಟ ಹಾಗೆ. ದಾರಿಯುದ್ದಕ್ಕೂ ಮಣ್ಣು ಕುಡಿದ ಮೇಲೇ ಕೊನೆಯ ಹೊಲಕ್ಕೆ ನೀರು. ಬಾಗಿಲು ಹಾಕಿದ ಮೇಲೂ ಜಿನುಗುತ್ತಲೇ ಇರುತ್ತೆ. ಸಂದೇಶದ ಸಂಕೇತಗಳಾದ ಚುಕ್ಕೆ, ಗೆರೆ ಒಂದಕ್ಕೊಂದು ಕಲಸಿಕೊಂಡು ಸಾರಾಗುತ್ತೆ. ಉದ್ದ ಎರಡರಷ್ಟಾದರೆ ತಡ ನಾಲ್ಕರಷ್ಟು. ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಇದನ್ನು ಕೇಬಲ್ ಹಾಕುವ ಮೊದಲೇ ಲೆಕ್ಕ ಹಾಕಿ ಹೇಳಿದ್ದರು. ಕೇಳಬೇಕಲ್ಲ!

ಕೇಬಲ್ ಹಾಕಿದ ಕಂಪನಿಯ ವಿದ್ಯುತ್ ತಜ್ಞ ವೈಟ್‌ಹೌಸ್, ಓದಿನಿಂದ ಶಸ್ತ್ರವೈದ್ಯ. ಐದಡಿ ಉದ್ದದ ಇಂಡಕ್ಷನ್ ಕಾಯಿಲ್ (ವೋಲ್ಟೇಜ್ ಏರಿಸೋ ತಂತಿಸುರುಳಿ) ಇಟ್ಟು ಸುಮಾರು 2,000 ವೋಲ್ಟ್ ತಳ್ಳಿದ. ವೋಲ್ಟೇಜ್ ಏರಿಸಿದರೆ ಅಲೆ ಎತ್ತರವಾಗುತ್ತೆ ಅಷ್ಟೇ, ಬೇಗ ಬರಲ್ಲ. ಥಾಮ್ಸನ್ ದಾರಿಯೇ ಬೇರೆ: ಬಲ ಕಡಿಮೆ, ಕಣ್ಣು ಚುರುಕು. ಪುಟ್ಟ ಕನ್ನಡಿಯ ಬೆನ್ನಿಗೆ ಆಯಸ್ಕಾಂತದ ಚೂರು ಅಂಟಿಸಿ, ರೇಷ್ಮೆ ಎಳೆಯಲ್ಲಿ ಕಾಯಿಲ್ ನಡುವೆ ತೂಗುಹಾಕಿದರು. ಅದಕ್ಕೆ ದೀಪದ ಬೆಳಕು ಬಿಟ್ಟರೆ ಎದುರಿನ ಪಟ್ಟಿಯ ಮೇಲೆ ಬೆಳಕಿನ ಚುಕ್ಕೆ ಎಡಕ್ಕೆ, ಬಲಕ್ಕೆ ಸರಿಯುತ್ತೆ. ಕೂತು ಓದಿಕೊಳ್ಳೋದು. ವೈಟ್‌ಹೌಸ್ ಮಹಾಶಯ ಇದೇ ಕನ್ನಡಿಯಲ್ಲಿ ಓದಿ, ತನ್ನ ಯಂತ್ರವೇ ಓದಿತು ಅಂತ ತೋರಿಸಿಕೊಂಡ. ಒಪ್ಪಿಕೊಳ್ಳುತ್ತೇನೆ, ಈ ಮನುಷ್ಯನ ಹೆಸರು ಬಂದರೆ ನನಗೆ ತಾಳ್ಮೆ ಇರಲ್ಲ.

"ಕೇಬಲ್ ಮೊದಲೇ ಕಳಪೆಯಾಗಿತ್ತಲ್ಲ, ಅವನೊಬ್ಬನನ್ನೇ ಯಾಕೆ ಬೈತೀರಿ" ಅಂತ ಯಾರಾದರೂ ಬರುತ್ತೀರಿ, ಗೊತ್ತು. ಹೌದು, ಬಿಸಿಲಲ್ಲಿ ಬಿದ್ದು ಗಟ್ಟಾಪರ್ಚಾ ಮೆತ್ತಗಾಗಿ ತಾಮ್ರ ಅಲ್ಲಲ್ಲಿ ಪಕ್ಕಕ್ಕೆ ಸರಿದಿತ್ತು. ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಇನ್ನಷ್ಟು ಹಾಳಾಗಿತ್ತು. ಜ್ವರ ಬಂದವನ ಹೆಗಲ ಮೇಲೆ 2,000 ವೋಲ್ಟಿನ ಅಕ್ಕಿ ಮೂಟೆ ಹೊರಿಸಿದ್ದು ಯಾರು ಮತ್ತೆ? ಆಗಸ್ಟ್ 5ಕ್ಕೆ ದಡ ಸೇರಿದ ಕೇಬಲ್ ಸೆಪ್ಟೆಂಬರ್ ಮೊದಲ ವಾರಗಳಲ್ಲೇ ಮಾತು ನಿಲ್ಲಿಸಿತು.

ಸಾಯುವ ಮುಂಚೆ ಬ್ರಿಟಿಷರಿಗೆ ಒಂದು ಉಪಕಾರ ಮಾಡಿತು. ನಮ್ಮ 1857ರ ದಂಗೆ ಅಡಗಿದೆ, ಕೆನಡಾದಲ್ಲಿದ್ದ ಬ್ರಿಟಿಷ್ ದಂಡು ವಾಪಸ್ ಬರಬೇಕಿಲ್ಲ ಅನ್ನೋ ಆದೇಶ ಇದರಲ್ಲೇ ಹೋಯಿತು. ಉಳಿತಾಯ 50,000 ಪೌಂಡ್ ಅಂತ ಲೆಕ್ಕ. ನಮ್ಮವರ ಸೋಲಿನ ಸುದ್ದಿಗೆ ಮಾತ್ರ ತಂತಿ ಚೆನ್ನಾಗೇ ಕೆಲಸ ಮಾಡಿತು ನೋಡಿ.

ಆಮೇಲೆ 1866ರಲ್ಲಿ ಹಾಕಿದ ಹೊಸ ಕೇಬಲ್ಲಿನಲ್ಲಿ ನಾಟಿಕಲ್ ಮೈಲಿಗೆ (ಸಮುದ್ರದ ಮೈಲಿ, ಸುಮಾರು 1.85 ಕಿ.ಮೀ.) 107 ಪೌಂಡ್ ಇದ್ದ ತಾಮ್ರವನ್ನು 300ಕ್ಕೆ, 261 ಇದ್ದ ಗಟ್ಟಾಪರ್ಚಾವನ್ನು 400ಕ್ಕೆ ಏರಿಸಿದರು. ಆಗ ಸಿಕ್ಕ ವೇಗ ನಿಮಿಷಕ್ಕೆ ಸುಮಾರು 8 ಪದ. ಆ ಲೆಕ್ಕದಲ್ಲೂ ರಾಣಿಯ 98 ಪದಕ್ಕೆ 12 ನಿಮಿಷ ಬೇಕು, ಪೋಸ್ಟರ್ ಮಾಡಿದ ಪುಣ್ಯಾತ್ಮರೇ.