ಸತ್ಯಾಂಶ: ಪಂಚಾಯ್ತಿಗೆ ಫೈಬರ್ ಬಂದ ತಕ್ಷಣ ಮನೆಮನೆಗೂ ಫ್ರೀ ವೈಫೈ ಬರುತ್ತಾ?

"ಭಾರತ್‌ನೆಟ್ ಬಂದಿರೋ ಊರಲ್ಲಿ ಪ್ರತಿ ಮನೆಗೂ ವೈಫೈ ಉಚಿತ, ಈ ಲಿಂಕಲ್ಲಿ ಆಧಾರ್ ನಂಬರ್ ಹಾಕಿ" ಅನ್ನೋ ಥರದ ಮೆಸೇಜು ಗ್ರೂಪಿಂದ ಗ್ರೂಪಿಗೆ ಬರ್ತಾನೇ ಇರುತ್ತೆ. ಅರ್ಧ ನಿಜ ಇದೆ ನೋಡಿ, ಅದಕ್ಕೇ ಜನ ನಂಬೋದು.

ಭಾರತ್‌ನೆಟ್ ಅನ್ನೋ ಕೇಂದ್ರ ಸರ್ಕಾರದ ಯೋಜನೆ ಇರೋದು ಹೌದು. 2011ರಲ್ಲಿ ಬೇರೆ ಹೆಸರಲ್ಲಿ ಒಪ್ಪಿಗೆ ಸಿಕ್ಕಿದ್ದು, ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯ್ತಿಗೆ ಇಂಟರ್ನೆಟ್ಟಿನ ಫೈಬರ್ ಕೇಬಲ್ ಎಳೆಯೋ ಗುರಿ. ಆದ್ರೆ ಆ ಕೇಬಲ್ ಬಂದು ನಿಲ್ಲೋದು ಸಾಮಾನ್ಯವಾಗಿ ಪಂಚಾಯ್ತಿ ಆಫೀಸಲ್ಲಿರೋ ನೆಟ್ ಪೆಟ್ಟಿಗೆ ಹತ್ರ, ಅಲ್ಲಿಂದ ನಿಮ್ಮನೆಗೆ ಬೇಕು ಅಂದ್ರೆ ಬೇರೆ ವೈರು, ಮನೇಲೊಂದು ಮೋಡೆಮ್ಮು, ತಿಂಗಳು ತಿಂಗಳು ಪ್ಲಾನ್ ದುಡ್ಡು. ಇನ್ನು ಆ ಪೆಟ್ಟಿಗೆಗೂ ಕರೆಂಟ್ ಬೇಕಲ್ವಾ, ಬ್ಯಾಟರಿ ಸತ್ತಿದ್ರೆ ಕರೆಂಟ್ ಹೋದಾಗ ನೆಟ್ಟೂ ಹೋಯ್ತು, ರಸ್ತೆ ಅಗಲ ಮಾಡೋಕೆ ಜೆಸಿಬಿ ಬಂದ್ರಂತೂ ಕೇಬಲ್ಲೇ ಕಟ್!

ಪಂಚಾಯ್ತಿಯಿಂದ ಮನೆವರೆಗಿನ ಈ ಕೊನೇ ತುಂಡೇ ನಿಜವಾದ ತಲೆನೋವು. 2023ರಲ್ಲಿ 1.39 ಲಕ್ಷ ಕೋಟಿ ರೂಪಾಯಿಗೆ ಯೋಜನೆ ಪರಿಷ್ಕರಿಸಿದಾಗ ಊರಿನ 'ಉದ್ಯಮಿ'ಗಳೇ ಬಿಎಸ್ಎನ್ಎಲ್ ಜೊತೆ ಸೇರಿ ಮನೆಗೆ ಕನೆಕ್ಷನ್ ಕೊಟ್ಟು ಆದಾಯ ಹಂಚ್ಕೊಳ್ಳೋ ವ್ಯವಸ್ಥೆಗೆ ಒತ್ತು ಕೊಟ್ರು. ಪಿಎಂ-ವಾಣಿ ಅಂತ ಸಾರ್ವಜನಿಕ ವೈಫೈಗೆ ಕೇಂದ್ರದ ಇನ್ನೊಂದು ಯೋಜನೆ ಇದೆ, ಅದ್ರಲ್ಲಿ ಕಿರಾಣಿ ಅಂಗಡಿಯವ್ರೂ ಲೈಸೆನ್ಸ್ ಇಲ್ದೆ ವೈಫೈ ಮಾರ್ಬಹುದು. ಮಾರೋದು ಅಂದ್ರೆ ಫ್ರೀ ಅಲ್ಲ, ಸಣ್ಣ ಪ್ಯಾಕಿಗೆ ಸಣ್ಣ ದುಡ್ಡು.

ಮೆಸೇಜಲ್ಲಿದ್ದ ಆ ಲಿಂಕ್ ಒತ್ತಿ ದುಡ್ಡು ಕಳ್ಕೊಂಡಿದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.