ಪರದೆ ಮೂಲೆಯ ಗಡಿಯಾರ

2023ರ ಜೂನ್ ನೆನಪಿದೆಯಾ? ಟೈಟಾನಿಕ್ ಅವಶೇಷ ನೋಡಲು ಇಳಿದ ಟೈಟನ್ ಅನ್ನೋ ಪುಟ್ಟ ನೌಕೆ ಕಾಣೆಯಾಗಿತ್ತು. ಒಳಗೆ ಐದು ಜನ, 96 ಗಂಟೆಗಾಗುವಷ್ಟು ಆಮ್ಲಜನಕ. ನಮ್ಮನೆ ಟಿವಿ ಪರದೆಯ ಮೂಲೆಯಲ್ಲಿ ಆ ಗಂಟೆಗಳ ಲೆಕ್ಕ ಓಡುತ್ತಿತ್ತು, ಥೇಟ್ ಕ್ರಿಕೆಟ್ ಸ್ಕೋರಿನ ಹಾಗೆ. ಅಮ್ಮ ಒಗ್ಗರಣೆ ಹಾಕುತ್ತಲೇ ಅಡುಗೆಮನೆಯಿಂದ ಕೂಗುತ್ತಿದ್ದರು: "ಇನ್ನೆಷ್ಟು ಗಂಟೆ ಇದೆಯಂತೋ?" ಅದರಲ್ಲಿದ್ದ 19 ವರ್ಷದ ಹುಡುಗನನ್ನು ನೆನೆದು ನನಗೂ ಸಂಕಟವಾಗಿತ್ತು, ಸುಳ್ಳು ಹೇಳಲ್ಲ.

ಆದರೆ ಅದಕ್ಕೆ ನಾಲ್ಕೇ ದಿನ ಮೊದಲು, ಜೂನ್ 14ರಂದು, ಗ್ರೀಸಿನ ಪೈಲೋಸ್ ಆಚೆಯ ಕಡಲಲ್ಲಿ ಲಿಬಿಯಾದಿಂದ ಹೊರಟ ಮೀನುಗಾರಿಕೆ ದೋಣಿಯೊಂದು ಮುಳುಗಿತ್ತು. ಅದರಲ್ಲಿ ಸುಮಾರು 750 ಜನ ಇದ್ದರೆಂಬ ಅಂದಾಜು. ಬದುಕಿದ್ದು 104. ಪಾಕಿಸ್ತಾನ, ಸಿರಿಯಾ, ಈಜಿಪ್ಟಿನಿಂದ ಹೊಟ್ಟೆಪಾಡಿಗೆ, ಜೀವದ ಭಯಕ್ಕೆ ಹೊರಟವರು. ಅವರಿಗೆ ಯಾವ ಚಾನೆಲ್ಲೂ ಗಡಿಯಾರ ಕಟ್ಟಲಿಲ್ಲ.

ಪತ್ರಿಕೆ ಯಾವುದನ್ನು ದೊಡ್ಡದು ಮಾಡುತ್ತದೋ ಓದುಗರಿಗೂ ಅದೇ ದೊಡ್ಡದು ಅಂತ ಅಮೆರಿಕದ ಮಾಧ್ಯಮ ಸಂಶೋಧಕರಾದ ಮೆಕೂಂಬ್ಸ್ ಮತ್ತು ಶಾ 1972ರಲ್ಲೇ ಬರೆದಿದ್ದರು. ಅದನ್ನು ತಿಳಿಯೋಕೆ ಚುನಾವಣೆಯ ಮತದಾರರನ್ನು ಕೇಳಿದ್ದರು. ಸುಮ್ನೆ ನಮ್ಮ ಅಡುಗೆಮನೆಗೆ ಬಂದಿದ್ದರೆ ಸಾಕಿತ್ತು!

ಅಮ್ಮನಿಗೆ ದೋಣಿಯ ವಿಷಯ ಹೇಳಿದೆ. ಸೌಟು ಹಿಡಿದೇ ನಿಂತರು. "ಅಯ್ಯೋ, ಅಷ್ಟೊಂದು ಜನಾನಾ? ಟಿವೀಲಿ ಬರಲೇ ಇಲ್ವಲ್ಲೋ?"

ಬಂದಿತ್ತು ಅಮ್ಮಾ. ಕೆಳಗೆ ಓಡುವ ಪಟ್ಟಿಯಲ್ಲಿ, ಚಿನ್ನದ ಬೆಲೆಯ ಹಿಂದೆ.