ಸಾವಿರದ ಪಾಟ್‌ಗೆ ನೂರರ ಬೆಟ್

ಪೋಕರ್ ಮೇಜಿನಲ್ಲಿ ದೊಡ್ಡ ಬೆಟ್ (ಪಣ) ಬಂದಾಗ ಎಲ್ಲರೂ ನೆಟ್ಟಗೆ ಕೂತು, ಎದುರಾಳಿ ಆ ಕೈಯಲ್ಲಿ, ಅಂದರೆ ಎಲೆ ಹಂಚಿ ಆಡುವ ಆ ಒಂದು ಸರದಿಯಲ್ಲಿ, ಇಟ್ಟ ಹೆಜ್ಜೆಗಳನ್ನೆಲ್ಲ ನೆನಪಿಸಿಕೊಂಡು ಯೋಚಿಸುತ್ತಾರೆ. ಪಾಟ್‌ನಲ್ಲಿ, ಅಂದರೆ ಗೆದ್ದವರಿಗೆ ಸೇರುವ ನಡುವಿನ ರಾಶಿಯಲ್ಲಿ, 1000 ಚಿಪ್ ಇರುವಾಗ ಯಾರಾದರೂ ಬರೀ 100 ಮುಂದಿಟ್ಟರೆ ಅದೇ ಜನ ಅರೆಕ್ಷಣದಲ್ಲಿ ತೀರ್ಮಾನಿಸುತ್ತಾರೆ. ಒಬ್ಬರು ಏನೂ ಜೋಡಿಯಾಗಿಲ್ಲವೆಂದು ಎಲೆ ಬಿಸಾಡುತ್ತಾರೆ, ಇನ್ನೊಬ್ಬರು ನೂರು ತಾನೇ ಎಂದು ಅಷ್ಟೇ ಚಿಪ್ ಇಟ್ಟು ಕಾಲ್ ಮಾಡುತ್ತಾರೆ, ಮತ್ತೊಬ್ಬರು ಅವಮಾನವಾದಂತೆ ಕೆರಳಿ ಮೊತ್ತ ಏರಿಸಿ ರೈಸ್ ಮಾಡುತ್ತಾರೆ. ನಮ್ಮಂಥ ಹವ್ಯಾಸಿಗಳ ಚಿಪ್ ಹೆಚ್ಚಾಗಿ ಸೋರುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ.

ಹಣ ಕಟ್ಟದೆ, ಬರೀ ಚಿಪ್ ಇಟ್ಟು ಗೆಳೆಯರ ಮನೆಯಲ್ಲಿ ನಾವು ಟೆಕ್ಸಸ್ ಹೋಲ್ಡೆಮ್ ಆಡುತ್ತೇವೆ; ಅದರಲ್ಲಿ ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಒಂದು ಸಂಜೆ ರಾಜ-ರಾಣಿ ಹಿಡಿದು ನಾನು ಮೊದಲೇ ರೈಸ್ ಮಾಡಿದ್ದೆ. ಬಿಗ್ ಬ್ಲೈಂಡ್‌ನಲ್ಲಿದ್ದ (ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಚಿಪ್ ಇಡಬೇಕಾದ ಸ್ಥಾನದಲ್ಲಿದ್ದ) ಗೆಳೆಯರೊಬ್ಬರು ಮಾತ್ರ ಕಾಲ್ ಮಾಡಿದರು. ಫ್ಲಾಪ್‌ನಲ್ಲಿ, ಅಂದರೆ ಮೇಜಿನ ಮೊದಲ ಮೂರು ಎಲೆಗಳಲ್ಲಿ, ಒಂಬತ್ತು, ಆರು, ಎರಡು ಬಿದ್ದವು. ಅವರು 1000ದ ಪಾಟ್‌ಗೆ 100 ಇಟ್ಟರು, ನಾನು ಎಲೆ ಬಿಟ್ಟು ಫೋಲ್ಡ್ ಮಾಡಿದೆ. ಮನೆಗೆ ಬಂದು ಲೆಕ್ಕ ಹಾಕಿದಾಗ ನನಗೆ ನಿಜಕ್ಕೂ ಬೇಸರವಾಯಿತು. 1100 ಗೆಲ್ಲಲು ನಾನು ಕೊಡಬೇಕಾಗಿದ್ದುದು 100, ಅಂದರೆ ಹನ್ನೆರಡು ಸಲದಲ್ಲಿ ಒಂದು ಸಲ ಗೆದ್ದರೂ ಸರಿಹೋಗುತ್ತಿತ್ತು. ಕಾಣದ 47 ಎಲೆಗಳಲ್ಲಿ ಮೂರು ರಾಜ, ಮೂರು ರಾಣಿ ಉಳಿದಿದ್ದವು; ಮುಂದಿನ ಎಲೆಯಲ್ಲೇ ಜೋಡಿ ಸಿಗುವ ಸಾಧ್ಯತೆ ಶೇ. 13ರ ಹತ್ತಿರವಿತ್ತು. ಅವರ ಕೈಯಲ್ಲಿ ನನಗಿಂತ ದುರ್ಬಲ ಎಲೆಗಳೇ ಇದ್ದಿರಬಹುದಾದ ಸಂದರ್ಭಗಳು ಇದರ ಮೇಲೆ.

ಅವರ ಕಡೆಯಿಂದ ನೋಡಿದರೆ ವಿಷಯ ಇನ್ನೂ ಸ್ಪಷ್ಟ. 1000 ಪಡೆಯಲು 100 ಇಡುವವರ ಬ್ಲಫ್ (ಎಲೆ ದುರ್ಬಲವಿದ್ದರೂ ಎದುರಾಳಿಯನ್ನು ಹೆದರಿಸಿ ಬಿಡಿಸುವ ಬೆಟ್) ಹನ್ನೊಂದು ಸಲದಲ್ಲಿ ಒಂದು ಸಲ ಫಲಿಸಿದರೆ ಸಾಕು, ಅವರಿಗೆ ನಷ್ಟವಿಲ್ಲ. ಹಾಗೆಂದು ಅದನ್ನು ತಡೆಯಲು ನಾವು ಹನ್ನೊಂದರಲ್ಲಿ ಹತ್ತು, ಅಂದರೆ ಶೇ. 91ರಷ್ಟು ಕೈಗಳನ್ನು ಕಣ್ಣುಮುಚ್ಚಿ ಹಿಡಿದುಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಹಿಂದೆ ಇನ್ನೂ ಇಬ್ಬರು ಆಡುವುದು ಬಾಕಿಯಿದ್ದರೆ ಅವರಲ್ಲೊಬ್ಬರು ರೈಸ್ ಮಾಡಬಹುದು, ಆಗ ಅಗ್ಗದ ಕಾಲ್ ಅಗ್ಗವಾಗಿ ಉಳಿಯುವುದಿಲ್ಲ.

ರೈಸ್ ಮಾಡುವವರೂ ಅಳತೆಯಲ್ಲಿ ತಪ್ಪುತ್ತಾರೆ. 100ಕ್ಕೆ ಪ್ರತಿಯಾಗಿ 200 ಇಟ್ಟರೆ ಎದುರಾಳಿ ಇನ್ನೊಂದು 100 ಕೊಟ್ಟು 1300 ಗೆಲ್ಲುವ ಅವಕಾಶ ಪಡೆಯುತ್ತಾರೆ. ನಮಗೆ ಸಿಕ್ಕಿದ್ದಕ್ಕಿಂತ ಒಳ್ಳೆಯ ಬೆಲೆಯನ್ನು ನಾವೇ ಅವರಿಗೆ ಕೊಟ್ಟಂತಾಗುತ್ತದೆ. ರೈಸ್‌ನ ಗಾತ್ರವನ್ನು ಪಾಟ್ ನೋಡಿ ನಿರ್ಧರಿಸಬೇಕು. 500ಕ್ಕೆ ಏರಿಸಿದರೆ ಅವರು 1600ಕ್ಕಾಗಿ 400 ಕೊಡಬೇಕಾಗುತ್ತದೆ, ಆಗ ಅವರಿಗೂ ಯೋಚಿಸಲೇಬೇಕಾಗುತ್ತದೆ.

ವಿಚಿತ್ರ ಗಾತ್ರದ ಬೆಟ್‌ಗಳಿಗೆ ಉತ್ತರಿಸುವುದು ಕಂಪ್ಯೂಟರ್‌ಗಳಿಗೂ ಬಹಳ ಕಾಲ ಕಷ್ಟವಾಗಿತ್ತು ಎಂಬುದು ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ಹಳೆಯ ಪ್ರೋಗ್ರಾಂಗಳು ಕೆಲವೇ ಗಾತ್ರಗಳಿಗೆ ಉತ್ತರ ಕಲಿತಿರುತ್ತಿದ್ದವು. ಬೇರೆ ಗಾತ್ರ ಬಂದರೆ ಅದನ್ನು ಹತ್ತಿರದ ಗಾತ್ರವೆಂದೇ ಎಣಿಸಿ ಆಡುತ್ತಿದ್ದವು, ಆ ಅಂತರವನ್ನು ಅನುಭವಿ ಆಟಗಾರರು ಬಳಸಿಕೊಳ್ಳುತ್ತಿದ್ದರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನೋಮ್ ಬ್ರೌನ್ ಮತ್ತು ತುಮಾಸ್ ಸ್ಯಾಂಡ್‌ಹೋಮ್ ರೂಪಿಸಿದ ಲಿಬ್ರಾಟಸ್ ಎಂಬ ಪೋಕರ್ ಪ್ರೋಗ್ರಾಂ, ಆಟ ಮುಂದುವರಿದ ಹಂತಗಳಲ್ಲಿ, ಎದುರಾಳಿ ಇಟ್ಟ ನಿಖರ ಮೊತ್ತವನ್ನೇ ಹಿಡಿದು ಅಲ್ಲಿಂದ ಮುಂದಿನ ಆಟವನ್ನು ಹೊಸದಾಗಿ ಲೆಕ್ಕ ಹಾಕುತ್ತಿತ್ತು. ದಿನದಲ್ಲಿ ಎದುರಾಳಿಗಳು ಹೆಚ್ಚಾಗಿ ಬಳಸಿದ ಗಾತ್ರಗಳಿಗೆ ರಾತ್ರಿ ಕೂತು ಉತ್ತರ ಸಿದ್ಧಪಡಿಸಿಕೊಳ್ಳುತ್ತಿತ್ತು. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನ ಕ್ಯಾಸಿನೊ ಒಂದರಲ್ಲಿ 20 ದಿನಗಳ ಕಾಲ ನಡೆದ 1,20,000 ಕೈಗಳ ಪಂದ್ಯದಲ್ಲಿ ಅದು ನಾಲ್ವರು ವೃತ್ತಿಪರರನ್ನು ಸೋಲಿಸಿತು. ನೂರನ್ನು ನೂರೆಂದೇ ಓದಬೇಕು ಎಂಬುದನ್ನು ನಾನು ಕಲಿತದ್ದು ಆ ಪಂದ್ಯದ ಬಗ್ಗೆ ಓದಿದ ಮೇಲೆ.

ಕೊನೆಯ ಎಲೆ ಬಿದ್ದ ಮೇಲೆ, ಅಂದರೆ ರಿವರ್‌ನಲ್ಲಿ, ಬರುವ ಚಿಕ್ಕ ಬೆಟ್ ಬೇರೆಯೇ ಜಾತಿಯದು. ಅಲ್ಲಿ ಜೋಡಿ ಸಿಗಬಹುದೆಂಬ ಆಸೆಗೆ ಜಾಗವಿಲ್ಲ. ನಮ್ಮ ಮನೆಯಾಟದಲ್ಲಿ ಹಾಗೆ ಬೆಟ್ ಮಾಡುವವರ ಕೈಯಲ್ಲಿ ಬಹುತೇಕ ಮಧ್ಯಮ ಜೋಡಿಯಿರುತ್ತದೆ. ದೊಡ್ಡ ಬೆಟ್ ಎದುರಿಸುವುದನ್ನು ತಪ್ಪಿಸಿಕೊಳ್ಳಲು ಅವರೇ ಮೊದಲು ಚಿಕ್ಕದೊಂದನ್ನು ಇಡುತ್ತಾರೆ. ಹಾಗಾಗಿ ನನ್ನ ಕೈ ಗಟ್ಟಿಯಾಗಿದ್ದರೆ ನಾನು ಈಗ ಅಲ್ಲಿ ಬರೀ ಕಾಲ್ ಮಾಡಿ ಸುಮ್ಮನಾಗುವುದಿಲ್ಲ, ಪಾಟ್‌ನ ಅರ್ಧಕ್ಕಿಂತ ಮೇಲೆ ರೈಸ್ ಮಾಡುತ್ತೇನೆ. ಮಧ್ಯಮ ಕೈಯಿದ್ದರೆ ಕಾಲ್ ಮಾಡುತ್ತೇನೆ. ಏನೂ ಇಲ್ಲದಿದ್ದರೂ, ಎಲೆ ಬಿಡುವ ಮೊದಲು ಪಾಟ್‌ನಲ್ಲಿ ಎಷ್ಟಿದೆ ಎಂದು ಒಮ್ಮೆ ಎಣಿಸುತ್ತೇನೆ.